ಪ್ಲೇಆಫ್ ಸೋಲಿನ ಲೆಕ್ಕ: ಅಳಿಯನಿಗೊಂದು ಪತ್ರ

ಚಿ. ಸುಹಾಸನಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಮೆಸೇಜುಗಳನ್ನೆಲ್ಲ ಓದಿದೆ. ಫುಟ್‌ಬಾಲ್ ಲೀಗಿನಲ್ಲಿ ಮೂರನೇ ಸ್ಥಾನ ಪಡೆದ ತಂಡ ಆರನೇ ಸ್ಥಾನದವರ ಎದುರು, ಮೇಲಿನ ದರ್ಜೆಗೆ ಬಡ್ತಿ ಕೊಡುವ ಪ್ಲೇಆಫ್ ಫೈನಲ್ ಸೋತರೆ, ಅದೂ 88ನೇ ನಿಮಿಷದ ಕಾರ್ನರ್‌ನಲ್ಲಿ ಸೋತರೆ, ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಲಿ ಬಿಡು. ಸಮಾಧಾನ ಹೇಳುವುದಕ್ಕೆ ನಾನು ಬರೆಯುತ್ತಿಲ್ಲ. ಗೋಲ್‌ಕೀಪರ್‌ನನ್ನು ಮಾರಬೇಕು, ಕೋಚ್‌ನನ್ನು ಮನೆಗೆ ಕಳಿಸಬೇಕು, ರೆಫರಿ ದುಡ್ಡು ತಿಂದಿದ್ದಾನೆ ಅಂತ ಒಂದೇ ರಾತ್ರಿ ಮೂರು ತೀರ್ಪು ಕೊಟ್ಟಿದ್ದೀಯಲ್ಲ, ನನ್ನ ತಕರಾರು ಅದರ ಮೇಲೆ. ವಿಚಾರಣೆಯೇ ಆಗಿಲ್ಲ, ಆಗಲೇ ಶಿಕ್ಷೆ!

ಮೊದಲು ಈ ವಾರದ ಕೆಲಸ. ಕೀಪರ್ ಹೆಸರು ಟ್ಯಾಗ್ ಮಾಡಿ ಹಾಕಿದ ಪೋಸ್ಟನ್ನು ಈಗಲೇ ತೆಗೆ. 2021ರ ಯೂರೊ ಫೈನಲ್‌ನಲ್ಲಿ ಪೆನಾಲ್ಟಿ ಗೋಲಾಗಿಸಲಾಗದ ಇಂಗ್ಲೆಂಡಿನ ರ‍್ಯಾಶ್‌ಫರ್ಡ್, ಸಾಂಚೊ, ಸಾಕಾ ಮೂವರ ಖಾತೆಗಳಿಗೂ ಆ ರಾತ್ರಿ ಎಂಥ ಹೊಲಸು ಹರಿದು ಬಂತು ಎಂಬುದು ನಿನಗೆ ಗೊತ್ತು. ನೀನು ಬರೆದದ್ದು ಆ ಮಟ್ಟದ್ದಲ್ಲ, ನಿಜ. ಆದರೂ ಆಟದ ಟೀಕೆಯನ್ನು ಆಟಗಾರನ ಮನೆ ಬಾಗಿಲಿಗೆ ಒಯ್ದು ಸುರಿಯಬಾರದು. ಇನ್ನೊಂದು, ರಾತ್ರಿ ಎರಡು ಗಂಟೆಗೆ ಹೈಲೈಟ್ಸ್ ಹಾಕಿಕೊಂಡು ಆ ಗೋಲನ್ನೇ ತಿರುಗಿಸಿ ತಿರುಗಿಸಿ ನೋಡಬೇಡ. ಬೆಟ್ಟಿಂಗ್‌ನಲ್ಲಿ ಕಳೆದದ್ದನ್ನು ಮುಂದಿನ ಪಂದ್ಯಕ್ಕೆ ಕಟ್ಟಿ ತುಂಬಿಸಿಕೊಳ್ಳುತ್ತೇನೆ ಎಂದು ಹೊರಡಬೇಡ. ಸೀಸನ್ ಟಿಕೆಟ್ ರದ್ದು ಮಾಡುವ ಮಾತು ಸದ್ಯ ಬೇಡ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೂರನೆಯವರು ಆರನೆಯವರಿಗೆ ಸೋಲುವುದು ಹೇಗೆ ಸಾಧ್ಯ ಅಂತ ಕೇಳಿದ್ದೀಯ. ಪ್ಲೇಆಫ್ ಇರುವುದೇ ಹಾಗೆ ಆಗಲಿ ಅಂತ ಮಾರಾಯ. ಇಂಗ್ಲೆಂಡಿನ ಎರಡನೇ ದರ್ಜೆಯ ಚಾಂಪಿಯನ್‌ಶಿಪ್ ನೋಡು. 46 ಪಂದ್ಯ ಆಡಿಸಿ, ಮೊದಲಿಬ್ಬರನ್ನು ನೇರವಾಗಿ ಮೇಲಕ್ಕೆ ಕಳಿಸಿ, ಉಳಿದ ಒಂದು ಸ್ಥಾನಕ್ಕೆ ಅವರ ಹಿಂದಿನ ಕೆಲವರನ್ನು ಮತ್ತೆ ಮೊದಲಿನಿಂದ ಹೊಡೆದಾಡಿಸುತ್ತಾರೆ. 2024-25ರಲ್ಲಿ ಶೆಫೀಲ್ಡ್ ಯುನೈಟೆಡ್ 90 ಅಂಕ ಗಳಿಸಿ ಮೂರನೆಯದಾಯಿತು, ಸಂಡರ್‌ಲ್ಯಾಂಡ್ 76 ಅಂಕಕ್ಕೆ ನಾಲ್ಕನೆಯದು. ನಡುವೆ 14 ಅಂಕದ ಅಂತರ. ಮೇ 24ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇವರಿಬ್ಬರ ಪ್ಲೇಆಫ್ ಫೈನಲ್, ಮೊದಲ ಗೋಲು ಹೊಡೆದದ್ದೂ ಶೆಫೀಲ್ಡೇ. ಕೊನೆಗೆ 90 ನಿಮಿಷದ ಮೇಲೆ ಸೇರಿಸುವ ಗಾಯದ ಸಮಯದ ಐದನೇ ನಿಮಿಷದಲ್ಲಿ ಟಾಮಿ ವಾಟ್ಸನ್ ಗೋಲು ಹೊಡೆದು 2-1ರಲ್ಲಿ ಸಂಡರ್‌ಲ್ಯಾಂಡ್ ಮೇಲೇರಿತು. ಲೀಗಿನ ಪಟ್ಟಿ ಯಾರು ಉತ್ತಮರು ಎನ್ನುವುದನ್ನು ಹೇಳುತ್ತದೆ. ಫೈನಲ್ ಹೇಳುವುದು ಆ ದಿನ ಯಾರು ಗೆದ್ದರು ಎನ್ನುವುದನ್ನು ಮಾತ್ರ.

ಇದನ್ನು ಅಂಕಿಯಲ್ಲೇ ನೋಡು. ಪ್ರತಿ ಹೊಡೆತಕ್ಕೂ ಅದು ಗೋಲಾಗುವ ಸಾಧ್ಯತೆ ಎಷ್ಟು ಎಂದು ಸೊನ್ನೆಯಿಂದ ಒಂದರೊಳಗೆ ಅಂಕಿ ಕೊಡುವ ಎಕ್ಸ್‌ಜಿ ಲೆಕ್ಕ ನಿನಗೆ ಗೊತ್ತೇ ಇದೆ. ಪೆನಾಲ್ಟಿಗೆ ಸುಮಾರು 0.78, ಪೆನಾಲ್ಟಿ ಬಾಕ್ಸಿನ ಆಚೆ ದೂರದಿಂದ ಹೊಡೆದದ್ದಕ್ಕೆ ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ. ನಿನ್ನ ತಂಡದ ಮೊತ್ತ 1.8, ಎದುರಾಳಿಯದು 0.6 ಎಂದುಕೋ. ಅಂದರೆ ಮೂರು ಪಟ್ಟು ಮೇಲುಗೈ. ಸರಾಸರಿಯಿಂದ ಗೋಲುಗಳ ಸಾಧ್ಯತೆ ಎಣಿಸುವ ಪಾಯ್ಸಾನ್ ಸೂತ್ರಕ್ಕೆ ಹಾಕಿ ನೋಡಿದರೆ, ಇಂಥ ನೂರು ಪಂದ್ಯಗಳಲ್ಲಿ ಸುಮಾರು 12 ಸೋಲು, 22 ಸಮ. ಮೂರಕ್ಕೊಂದು ಪಂದ್ಯ 90 ನಿಮಿಷದಲ್ಲಿ ಗೆಲುವಾಗುವುದಿಲ್ಲ. ಲೀಗಿನಲ್ಲಿ ಅಂಥದ್ದು ಬಂದರೆ ಮುಂದಿನ ಶನಿವಾರ ಸರಿಮಾಡಿಕೊಳ್ಳಬಹುದು. ಫೈನಲ್‌ಗೆ ಮುಂದಿನ ಶನಿವಾರ ಇಲ್ಲ.

ಹಾಗಂತ ಎಲ್ಲವನ್ನೂ ಹಣೆಬರಹದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬೇಡ. ಅದೃಷ್ಟ ಎಷ್ಟು, ತಪ್ಪು ಎಷ್ಟು ಎಂದು ಬಿಡಿಸಿ ನೋಡಬೇಕು. ಅದಕ್ಕೆ ಪಂದ್ಯವನ್ನು ಇನ್ನೊಮ್ಮೆ ನೋಡಲೇಬೇಕು, ಎರಡು ದಿನ ಬಿಟ್ಟು. ಹೈಲೈಟ್ಸ್ ಅಲ್ಲ, ಪೂರ್ತಿ ಪಂದ್ಯ. ಹೈಲೈಟ್ಸ್‌ನಲ್ಲಿ ಹೊಡೆತಕ್ಕೆ ಮುಂಚಿನ ಏಳೆಂಟು ಸೆಕೆಂಡ್ ಇದ್ದರೆ ಹೆಚ್ಚು, ಆದ್ದರಿಂದ ಕೊನೆಗೆ ಚೆಂಡು ಮುಟ್ಟಿದವನೇ ಅಪರಾಧಿಯಾಗಿ ಕಾಣುತ್ತಾನೆ. ಧ್ವನಿ ಬಂದ್ ಮಾಡು. ಕಾಮೆಂಟರಿಯವರು ಯಾರನ್ನು ದೂರುತ್ತಾರೋ ನಿನ್ನ ಕಣ್ಣು ಅವನ ಮೇಲೇ ಹೋಗುತ್ತದೆ. ಒಂದು ಹಾಳೆಯಲ್ಲಿ ಮೈದಾನದ ಎರಡೂ ತುದಿಯ ಬಾಕ್ಸ್ ಬರೆದುಕೊಂಡು ಪ್ರತಿ ಹೊಡೆತಕ್ಕೂ ಒಂದು ಚುಕ್ಕೆ ಇಡು. ಪಕ್ಕದಲ್ಲಿ ನಿಮಿಷ, ಕಾಲೋ ತಲೆಯೋ, ಚೆಂಡಿಗೂ ಗೋಲಿಗೂ ಮಧ್ಯೆ ಎಷ್ಟು ಜನ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಡಿಫೆನ್ಸ್ ಸಾಲು ಪೂರ್ತಿ ಕಾಣಿಸುವುದು ಅಪರೂಪ. ಗೋಲ್ ಕಿಕ್ ಹೊತ್ತಿಗೆ ದೂರದ ನೋಟ ಬರುತ್ತದೆ, ಆಗ ನಿಲ್ಲಿಸಿ ಡಿಫೆಂಡರ್‌ಗಳಿಗೂ ಮಿಡ್‌ಫೀಲ್ಡರ್‌ಗಳಿಗೂ ನಡುವಿನ ಅಂತರ ನೋಡಿಕೋ. 70ನೇ ನಿಮಿಷದ ನಂತರ ಆ ಅಂತರ ಹಿಗ್ಗುತ್ತಾ ಹೋಗಿದ್ದರೆ ಕಾಲುಗಳು ಸೋತಿವೆ, ಬದಲಿ ಆಟಗಾರರನ್ನು ಇಳಿಸಿದ್ದು ತಡವಾಗಿದೆ ಎಂದರ್ಥ. ಕೋಚ್ ಮೇಲೆ ದೂರು ಹೇಳಬೇಕಿದ್ದರೆ ಅದು ಅಲ್ಲಿ ಸಿಗುತ್ತದೆ, ಅವನ ಮುಖದಲ್ಲಿ ಅಲ್ಲ.

ಈಗ ಆ ಕಾರ್ನರ್. ಗೋಲಿನಿಂದ ಹಿಂದಕ್ಕೆ ಹೋಗುತ್ತಾ ನೋಡು. ಚೆಂಡಿಗೆ ತಲೆ ಕೊಟ್ಟವನು ನಿಂತಲ್ಲೇ ಹಾರಿದನೋ, ಓಡಿಬಂದು ಹಾರಿದನೋ? ನಿನ್ನ ತಂಡ ಎದುರಾಳಿಯನ್ನಲ್ಲ, ಜಾಗವನ್ನು ಕಾಯುವ ಪದ್ಧತಿಯಲ್ಲಿದ್ದರೆ ಓಡಿಬರುವವನಿಗೆ ಸಾಮಾನ್ಯವಾಗಿ ಹೆಚ್ಚು ಎತ್ತರ ಸಿಗುತ್ತದೆ. ಅದಕ್ಕೇ ಒಳ್ಳೆಯ ತಂಡಗಳು ಇಬ್ಬರು ಮೂವರನ್ನು ಆ ಓಟಕ್ಕೆ ಅಡ್ಡ ನಿಲ್ಲುವುದಕ್ಕೆಂದೇ ಇಡುತ್ತವೆ. ಆ ಅಡ್ಡ ನಿಲ್ಲುವವರಲ್ಲಿ ಯಾರು ತಡೆಯಲಾಗದೆ ಹೋದರು? ಮನುಷ್ಯನಿಗೊಬ್ಬನಂತೆ ಕಾಯುವ ಪದ್ಧತಿಯಾದರೆ, ಎದುರಾಳಿಗಳು ಒಬ್ಬರಿಗೊಬ್ಬರು ಅಡ್ಡ ಬಂದು ಕಾವಲುಗಾರನನ್ನು ಕಳಚಿದರೇ? ಆಮೇಲೆ ಕೀಪರ್. ಗೋಲಿನ ಕಡೆಗೇ ತಿರುಗುವ ಕಾರ್ನರ್‌ನಲ್ಲಿ ಅವನ ಎದೆಗೆ ಒತ್ತಿ ಇಬ್ಬರು ನಿಂತಿದ್ದರೆ 5.5 ಮೀಟರಿನ ಸಣ್ಣ ಬಾಕ್ಸ್ ಒಳಗೂ ಅವನು ಮುಂದೆ ಬರಲಾರ. ಅಂಥ ಹೊತ್ತಲ್ಲಿ ಅವರನ್ನು ಸರಿಸುವುದು ಡಿಫೆಂಡರ್‌ಗಳ ಕೆಲಸ. ಕೊನೆಯದು, ನಿನ್ನ ಒಂದು ಮೆಸೇಜಿನಲ್ಲೂ ಬಾರದ ಪ್ರಶ್ನೆ: ಆ ಕಾರ್ನರ್ ಬಂದದ್ದು ಹೇಗೆ? ಅದಕ್ಕೂ ಅರ್ಧ ನಿಮಿಷ ಮುಂಚೆ ಚೆಂಡು ಯಾರ ಕಾಲಿನಿಂದ, ಎಲ್ಲಿ ಕೈತಪ್ಪಿತು? ಗೋಲಿನ ಬೇರು ಬಹುಪಾಲು ಅಲ್ಲೇ ಇರುತ್ತದೆ.

ಹೀಗೆ ಹಿಂದಕ್ಕೆ ಹೋದರೆ ಹೆಸರುಗಳೇ ಬದಲಾಗಿಬಿಡುತ್ತವೆ. 2013ರ ಮೇ 12, ವಾಟ್‌ಫರ್ಡ್-ಲೆಸ್ಟರ್ ಪ್ಲೇಆಫ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎರಡೂ ಪಂದ್ಯ ಸೇರಿ 2-2. ಗಾಯದ ಸಮಯ ಮುಗಿಯುತ್ತಾ ಬಂದಾಗ ಲೆಸ್ಟರ್‌ಗೆ ಪೆನಾಲ್ಟಿ. ಆಂಟನಿ ನೊಕಾರ್ ಹೊಡೆದ, ವಾಟ್‌ಫರ್ಡ್ ಕೀಪರ್ ಅಲ್ಮುನಿಯಾ ತಡೆದ. ಮರಳಿ ಬಂದ ಚೆಂಡನ್ನು ನೊಕಾರ್ ಮತ್ತೆ ಹೊಡೆದ, ಅದನ್ನೂ ತಡೆದ. ಚೆಂಡು ಇನ್ನೊಂದು ತುದಿಗೆ ಹಾರಿತು. ವಾಟ್‌ಫರ್ಡ್‌ನ ಫೋರೆಸ್ಟಿಯೆರಿ ಕ್ರಾಸ್ ಕೊಟ್ಟ, ಹಾಗ್ ತಲೆಯಿಂದ ಇಳಿಸಿಕೊಟ್ಟ, ಡೀನಿ ಗೋಲು ಬಾರಿಸಿದ. ಲೆಸ್ಟರ್ ಔಟ್. ಇಂದಿಗೂ ಎಲ್ಲರ ಬಾಯಲ್ಲಿ ಬರುವುದು ನೊಕಾರ್ ಹೆಸರು. ಆದರೆ ಲೆಕ್ಕ ಹಾಕು: ಪೆನಾಲ್ಟಿ ತಪ್ಪಿದ್ದರಿಂದ ಲೆಸ್ಟರ್ ಸೋಲುತ್ತಿರಲಿಲ್ಲ, ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು. ಸೋಲಿಸಿದ್ದು ನಂತರದ ಆ ಕೆಲವೇ ಸೆಕೆಂಡುಗಳು. ನಾವು ದಾಳಿ ಮಾಡುತ್ತಿರುವಾಗಲೇ ಹಿಂದೆ ಕಾವಲಿಗೆ ಯಾರನ್ನು ಉಳಿಸಿಕೊಂಡಿದ್ದೇವೆ ಎಂಬ ಪ್ರಶ್ನೆ ಅದು, ಒಬ್ಬನ ಕಾಲಿನದ್ದಲ್ಲ.

ನಿನ್ನ ತಂಡ 19 ಬಾರಿ ಹೊಡೆಯಿತು, ಅವರು ಐದೇ ಬಾರಿ ಅಂತ ಬರೆದಿದ್ದೀಯ. ಎಣಿಕೆ ಸಾಲದು. 2022ರ ಮಾರ್ಚ್ 24ರಂದು ಪಲೆರ್ಮೊದಲ್ಲಿ ನಡೆದ ವಿಶ್ವಕಪ್ ಪ್ಲೇಆಫ್‌ನಲ್ಲಿ ಇಟಲಿ 32 ಬಾರಿ ಹೊಡೆಯಿತು, ಉತ್ತರ ಮ್ಯಾಸಿಡೋನಿಯಾ ನಾಲ್ಕು. 92ನೇ ನಿಮಿಷದಲ್ಲಿ ಟ್ರಾಯ್‌ಕೊವ್‌ಸ್ಕಿ ದೂರದಿಂದ ಹೊಡೆದ ಒಂದು ಚೆಂಡು ಒಳಗೆ ಹೋಯಿತು, ಆಗಿನ ಯೂರೋಪ್ ಚಾಂಪಿಯನ್ನರು ವಿಶ್ವಕಪ್‌ನಿಂದ ಹೊರಗೆ. ಆ 32ರಲ್ಲಿ ಬಹಳಷ್ಟು ಜನಸಂದಣಿಗೆ ಬಡಿದವು, ದೂರದವು. ನಿಜಕ್ಕೂ ತೂಕದ ಅವಕಾಶವೆಂದರೆ ಮೊದಲಾರ್ಧದಲ್ಲಿ ಕೀಪರ್ ಡಿಮಿಟ್ರಿಯೆವ್‌ಸ್ಕಿ ತಪ್ಪಾಗಿ ಬೆರಾರ್ಡಿಯ ಕಾಲಿಗೇ ಚೆಂಡು ಕೊಟ್ಟದ್ದು. ಮುಂದೆ ಖಾಲಿ ಗೋಲು. ಬೆರಾರ್ಡಿಯ ಹೊಡೆತ ಎಷ್ಟು ಮೆತ್ತಗಿತ್ತೆಂದರೆ ಕೀಪರ್ ಓಡಿಬಂದು ಹಿಡಿದ. ತಲಾ 0.1 ತೂಕದ ಹತ್ತು ಹೊಡೆತ ಹೊಡೆದರೂ ಒಂದೂ ಗೋಲಾಗದಿರುವ ಸಾಧ್ಯತೆ 35 ಶೇಕಡ ಇರುತ್ತದೆ, ಕ್ಯಾಲ್ಕುಲೇಟರ್‌ನಲ್ಲಿ 0.9ನ್ನು ಹತ್ತು ಸಲ ಗುಣಿಸಿ ನೋಡು.

ಇಟಲಿಯ ಕತೆಯಲ್ಲಿ ಇನ್ನೂ ಒಂದು ಮಾತಿದೆ. ಆ ತಂಡ ಪ್ಲೇಆಫ್‌ಗೆ ಬರಲೇಬೇಕಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಾಸೆಲ್‌ನಲ್ಲೂ ನವೆಂಬರ್‌ನಲ್ಲಿ ರೋಮ್‌ನಲ್ಲೂ ಸ್ವಿಟ್ಜರ್ಲೆಂಡ್ ಎದುರಿನ ಅರ್ಹತಾ ಪಂದ್ಯಗಳಲ್ಲಿ ಇಟಲಿಯ ಜಾರ್ಜಿನ್ಯೊ ಪೆನಾಲ್ಟಿ ಕಳೆದುಕೊಂಡ. ಮೊದಲನೆಯದನ್ನು ಸ್ವಿಸ್ ಕೀಪರ್ ಸೊಮ್ಮರ್ ತಡೆದ, ಎರಡನೆಯದು ಗೋಲಿನ ಮೇಲೆ ಹಾರಿತು. ಎರಡೂ ಪಂದ್ಯ ಡ್ರಾ. ಗುಂಪಿನಲ್ಲಿ ಸ್ವಿಸ್ 18 ಅಂಕದೊಂದಿಗೆ ಮೊದಲಾಗಿ ನೇರ ವಿಶ್ವಕಪ್‌ಗೆ, ಇಟಲಿ 16 ಅಂಕಕ್ಕೆ ಪ್ಲೇಆಫ್‌ಗೆ. ನಿನ್ನ ತಂಡದ ಪಟ್ಟಿಯನ್ನೂ ತೆಗೆದುನೋಡು. ನೇರ ಬಡ್ತಿ ಎಷ್ಟು ಅಂಕದಿಂದ ಕೈತಪ್ಪಿತು? ಕೆಳಗಿನ ತಂಡಗಳ ಎದುರು ಮುನ್ನಡೆಯಲ್ಲಿದ್ದು ಬಿಟ್ಟುಕೊಟ್ಟ ಅಂಕ ಎಷ್ಟು? ಫೈನಲ್ ದಿನದ ಕೀಪರ್‌ಗಿಂತ ದೊಡ್ಡ ಕಳ್ಳರು ಅಲ್ಲಿ ಸಿಗಬಹುದು.

ರೆಫರಿ ವಿಷಯ. ಅನ್ಯಾಯ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ. 2009ರ ನವೆಂಬರ್‌ನಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಫ್ರಾನ್ಸಿನ ಥಿಯೆರಿ ಆನ್ರಿ ಕೈಯಿಂದ ಚೆಂಡು ನಿಲ್ಲಿಸಿಕೊಂಡು ಗಲ್ಲಾಸ್‌ಗೆ ಕೊಟ್ಟು ಐರ್ಲೆಂಡನ್ನು ವಿಶ್ವಕಪ್‌ನಿಂದ ಹೊರಹಾಕಿದ್ದನ್ನು ಲೋಕವೇ ನೋಡಿದೆ. ಅದು ಅನ್ಯಾಯವೇ. ಆದರೆ ನೀನು ಕೂಗುತ್ತಿರುವುದು ಆಫ್‌ಸೈಡ್ ಅಂತ, ಅಂದರೆ ಚೆಂಡು ಕೊಡುವ ಹೊತ್ತಿಗೆ ಚೆಂಡನ್ನೂ ಡಿಫೆಂಡರ್‌ಗಳನ್ನೂ ದಾಟಿ ಗೋಲಿನ ಹತ್ತಿರ ನಿಂತಿದ್ದ ಅಂತ. ಅದಕ್ಕೆ ನಿಯಮ ಓದು. ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಅವರ ಆಟಗಾರನೊಬ್ಬ ಆ ಚೆಂಡನ್ನು ಮುಟ್ಟಿದ ಕ್ಷಣದಿಂದ ಆಫ್‌ಸೈಡ್ ಲೆಕ್ಕ ಶುರು. ಆಗ ಕೀಪರ್ ಮುಂದೆ ಆಫ್‌ಸೈಡ್ ಜಾಗದಲ್ಲಿ ನಿಂತವನು ಚೆಂಡು ಮುಟ್ಟದಿದ್ದರೂ, ಕೀಪರ್ ಕಣ್ಣಿಗೆ ಅಡ್ಡವಾಗಿದ್ದರೆ ಗೋಲು ರದ್ದು. ನಾನು ಮೇಲೆ ಹೇಳಿದ 2025ರ ಫೈನಲ್‌ನಲ್ಲೇ ಶೆಫೀಲ್ಡ್‌ನ ಬರೋಸ್ ಹೊಡೆದ ಗೋಲನ್ನು ಇದೇ ಕಾರಣಕ್ಕೆ ವಿಎಆರ್, ಅಂದರೆ ರೆಫರಿಯ ವಿಡಿಯೊ ಪರಿಶೀಲನೆ, ನೋಡಿ ತೆಗೆದುಹಾಕಿದರು. ಹಾಗಾಗಿ ತಲೆ ತಗುಲಿದ ಕ್ಷಣದಲ್ಲಿ ಚಿತ್ರ ನಿಲ್ಲಿಸು, ಕೀಪರ್ ಮುಂದಿನವನು ಎಲ್ಲಿದ್ದಾನೆ ನೋಡು. ಅವನು ಆಫ್‌ಸೈಡ್ ಜಾಗದಲ್ಲಿದ್ದು ನೋಟಕ್ಕೂ ಅಡ್ಡವಿದ್ದರೆ ನಿನ್ನ ಮಾತು ಸರಿ, ನಾನೂ ನಿನ್ನ ಜೊತೆ ಕೂಗುತ್ತೇನೆ. ದುಡ್ಡು ತಿಂದ ಎನ್ನುವುದನ್ನು ಮಾತ್ರ ಬಿಡು.

ಕೋಚ್‌ನನ್ನು ಓಡಿಸಬೇಕೇ? ಎರಡು ಉದಾಹರಣೆ ಕೊಡುತ್ತೇನೆ. ವೆಂಬ್ಲಿ ಸೋಲಾದ ಮುಂದಿನ ತಿಂಗಳೇ ಶೆಫೀಲ್ಡ್ ಯುನೈಟೆಡ್ ಕ್ರಿಸ್ ವೈಲ್ಡರ್‌ನನ್ನು ಕಳಿಸಿ ರೂಬೆನ್ ಸೆಲೆಸ್‌ನನ್ನು ತಂದಿತು. ಲೀಗಿನ ಮೊದಲ ಐದೂ ಪಂದ್ಯ ಸೋತ ಮೇಲೆ ಸೆಪ್ಟೆಂಬರ್‌ನಲ್ಲಿ ವೈಲ್ಡರ್‌ನನ್ನೇ ಮತ್ತೆ ಕರೆತಂದರು. ಅತ್ತ ಲೆಸ್ಟರ್, ನೊಕಾರ್ ಪೆನಾಲ್ಟಿಯ ನಂತರವೂ ನೈಜೆಲ್ ಪಿಯರ್ಸನ್‌ನನ್ನು ಉಳಿಸಿಕೊಂಡಿತು, ನೊಕಾರ್‌ನನ್ನೂ. ಮುಂದಿನ ಋತುವಿನಲ್ಲಿ 102 ಅಂಕದೊಂದಿಗೆ ಚಾಂಪಿಯನ್‌ಶಿಪ್ ಗೆದ್ದಿತು. ಎರಡೇ ಉದಾಹರಣೆಯಿಂದ ಸೂತ್ರ ಕಟ್ಟಬಾರದು, ಉಳಿಸಿಕೊಂಡು ಮುಳುಗಿದವರೂ ಇದ್ದಾರೆ. ನಾನು ಕೇಳುವುದಿಷ್ಟೇ: ಇಡೀ ಋತುವಿನ ಕೊನೆಯ ಹದಿನೈದು ಪಂದ್ಯಗಳಲ್ಲಿ ಆಟ ಮೇಲೇರುತ್ತಿತ್ತೋ ಇಳಿಯುತ್ತಿತ್ತೋ? ಇಳಿಯುತ್ತಿದ್ದರೆ ಫೈನಲ್ ಗೆದ್ದಿದ್ದರೂ ಕೋಚ್ ಬದಲಾಗಬೇಕಿತ್ತು.

ಈಗ ಸೀಸನ್ ಟಿಕೆಟ್. ಪ್ಲೇಆಫ್ ಸೋತ ತಂಡಕ್ಕೆ ನಿಜವಾದ ಪೆಟ್ಟು ಬೇಸಿಗೆಯಲ್ಲಿ ಬೀಳುತ್ತದೆ. ಫೈನಲ್‌ವರೆಗೆ ಆಡಿದ್ದರಿಂದ ವಿಶ್ರಾಂತಿ ಕಡಿಮೆ. ಎರವಲು ಬಂದ ಆಟಗಾರರು ತಮ್ಮ ಕ್ಲಬ್‌ಗೆ ಮರಳುತ್ತಾರೆ. ಯೂರೋಪಿನ ಹೆಚ್ಚಿನ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತವೆ. ಮೇಲಿನ ದರ್ಜೆಯವರು ಸ್ಟ್ರೈಕರ್‌ಗೆ ಬೆಲೆ ಕಟ್ಟಿ ನಿಂತಿರುತ್ತಾರೆ. ನಿನ್ನ ತಂಡದ ಗೋಲುಗಳಲ್ಲಿ ಎರವಲು ಆಟಗಾರರದ್ದೆಷ್ಟು, ಒಪ್ಪಂದ ಮುಗಿಯುವವರದ್ದೆಷ್ಟು ಎಂದು ಕೂಡಿಸಿ ನೋಡು. ಅದು ಅರ್ಧ ದಾಟಿದರೆ ಮುಂದಿನ ವರ್ಷ ಕಷ್ಟವಿದೆ, ಆ ಕಾರ್ನರ್ ಗೋಲು ಆಗದಿದ್ದರೂ ಆ ಪ್ರಶ್ನೆ ಇದ್ದೇ ಇರುತ್ತಿತ್ತು. ಕಾಲು ಭಾಗಕ್ಕಿಂತ ಕಡಿಮೆ ಇದ್ದು ಸೆಂಟರ್ ಬ್ಯಾಕ್ ಜೋಡಿಯೂ ಉಳಿದುಕೊಂಡರೆ ಟಿಕೆಟ್ ಕೊಳ್ಳುವುದಕ್ಕೆ ಯೋಚಿಸಬೇಕಿಲ್ಲ. ರಿನ್ಯೂ ಮಾಡುವ ಕೊನೆಯ ದಿನಾಂಕವನ್ನು ಈಗಲೇ ನೋಡಿಟ್ಟುಕೋ, ರಿಯಾಯಿತಿ ದರದ ಗಡುವು ಬೇರೆ ಇರುತ್ತದೆ. ಆ ಗಡುವಿಗೆ ಎರಡು ದಿನ ಮುಂಚೆ ಕೂತು ತೀರ್ಮಾನಿಸು.

ಹಾಳೆ ತುಂಬಿದ ಮೇಲೆ ಫೋಟೋ ತೆಗೆದು ಕಳಿಸು. ಚುಕ್ಕೆಗಳ ಪಕ್ಕ ನಿಮಿಷ ಬರೆಯುವುದನ್ನು ಮರೆಯಬೇಡ, ಇಲ್ಲದಿದ್ದರೆ ನನಗೇನೂ ಅರ್ಥವಾಗುವುದಿಲ್ಲ.

ಇಂತಿ,
ನಿನ್ನ ಮಾವ