ಕಂಪ್ರೆಸರ್: ಎಚ್‌ಪಿ ಬಿಡಿ, ಗಾಳಿಯ ಲೆಕ್ಕ ಕೇಳಿ

ಮಾನ್ಯ ಸಂಪಾದಕರೇ,

ಮನೆಯ ಶೆಡ್ಡಿನಲ್ಲೇ ಮರಗೆಲಸ, ಪೇಂಟಿಂಗ್, ಬೈಕ್ ರಿಪೇರಿ ಮಾಡಿಕೊಳ್ಳುವವರು ಏರ್ ಕಂಪ್ರೆಸರ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಹೇಳುವುದು ಎರಡೇ ಅಂಕಿ: ಎಷ್ಟು ಎಚ್‌ಪಿ, ಎಷ್ಟು ಲೀಟರ್ ಟ್ಯಾಂಕ್. ಕೆಲಸ ನಿಂತಿರುವುದು ಮೂರನೆಯ ಅಂಕಿಯ ಮೇಲೆ. 90 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತದೆ, ಅಂದರೆ ಎಷ್ಟು ಸಿಎಫ್‌ಎಂ ಎಂಬುದನ್ನು ಕೇಳಬೇಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಸಿಎಫ್‌ಎಂ ಹಲವು ಸಲ ಪಿಸ್ಟನ್ ಒಳಗೆಳೆದುಕೊಳ್ಳುವ ಗಾಳಿಯ ಲೆಕ್ಕ. ಹೊರಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. 'ಎಫ್‌ಎಡಿ' (ಫ್ರೀ ಏರ್ ಡೆಲಿವರಿ, ಅಂದರೆ ನಿಜಕ್ಕೂ ಹೊರಗೆ ಸಿಗುವ ಗಾಳಿ) ಎಂದು ಬರೆದ ಅಂಕಿಯನ್ನೇ ನಂಬಿ.

ಟೈರಿಗೆ ಗಾಳಿ, ಧೂಳು ಊದುವುದು, ಸಣ್ಣ ಮೊಳೆ ಹೊಡೆಯುವ ಗನ್ ಇಷ್ಟಕ್ಕೇ ಆದರೆ 24 ಲೀಟರಿನ 1 ಎಚ್‌ಪಿ ಯಂತ್ರ ಧಾರಾಳ. ತೊಂದರೆ ಬರುವುದು ಸ್ಪ್ರೇ ಗನ್ನಿನಲ್ಲಿ. 8 ಸಿಎಫ್‌ಎಂ ಬೇಡುವ ಗನ್ ನಿಮಿಷಕ್ಕೆ ಸುಮಾರು 226 ಲೀಟರ್ ಗಾಳಿ ನುಂಗುತ್ತದೆ. ಸಣ್ಣ ಪಂಪು ಕೊಡುವುದು 3 ಸಿಎಫ್‌ಎಂ, ಅಂದರೆ 85 ಲೀಟರ್. 24 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 5 ಬಾರ್‌ಗೆ ಇಳಿಯುವಾಗ (90 ಪಿಎಸ್‌ಐ ಅಂದರೆ ಸುಮಾರು 6 ಬಾರ್) ಕೊಡುವುದು, ಹೊರಗಿನ ಸಾಮಾನ್ಯ ಗಾಳಿಯ ಲೆಕ್ಕದಲ್ಲಿ, 24 × 3 = 72 ಲೀಟರ್ ಮಾತ್ರ. ಅರ್ಧ ನಿಮಿಷದಲ್ಲಿ ಒತ್ತಡ ಬಿತ್ತು! ಬಣ್ಣ ಹನಿಹನಿಯಾಗಿ ಸಿಡಿಯುತ್ತದೆ. ಮೋಟಾರು ಬಿಡುವಿಲ್ಲದೆ ಓಡಿ ಪಂಪಿನ ಹೆಡ್ (ಮೇಲ್ಭಾಗ) ಬಿಸಿಯೇರುತ್ತದೆ, ಬಿಸಿ ಗಾಳಿಯ ತೇವ ಪೈಪಿನಲ್ಲಿ ತಣಿದು ನೀರಾಗಿ ಬಣ್ಣಕ್ಕೇ ಬೀಳುತ್ತದೆ. ಆದ್ದರಿಂದ ಗನ್ ಮೊದಲು ಆರಿಸಿ, ಅದರ ಸಿಎಫ್‌ಎಂಗೆ ಮೂರನೇ ಒಂದು ಭಾಗ ಸೇರಿಸಿ, ಆಮೇಲೆ ಯಂತ್ರ ನೋಡಿ. ಮನೆಯ 15 ಆಂಪ್ ಪ್ಲಗ್ಗಿಗೆ 2 ಎಚ್‌ಪಿಗಿಂತ ಮೇಲೆ ಹೋಗದಿರುವುದು ಒಳ್ಳೆಯದು. ಹಾಗಾಗಿ ಅದಕ್ಕೆ ಹೊಂದುವ 4–5 ಸಿಎಫ್‌ಎಂ ಗನ್ ಹುಡುಕುವುದೇ ಜಾಣತನ.

ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಕಂಪ್ರೆಸರ್ ಹಾಕಲೇಬೇಡಿ. ಸ್ಟಾರ್ಟ್ ಆಗುವಾಗ ವೋಲ್ಟೇಜ್ ಕುಸಿದು ಮೋಟಾರು ಗುಂಯ್‌ಗುಟ್ಟುತ್ತ ನಿಲ್ಲುತ್ತದೆ, ವೈಂಡಿಂಗ್ ಸುಡುತ್ತದೆ. ಯಂತ್ರ ಪ್ಲಗ್ಗಿನ ಪಕ್ಕದಲ್ಲಿರಲಿ, ಗಾಳಿಯ ಪೈಪು ಉದ್ದವಿರಲಿ. ಅಂಗಡಿಯಲ್ಲೇ ಟ್ಯಾಂಕ್ ತುಂಬಿಸಿ ನೋಡಿ: ಮೋಟಾರು ಕಟ್ಟಾದೊಡನೆ 'ಪುಸ್' ಎಂದು ಗಾಳಿ ಬಿಡಬೇಕು. ಬಿಡದಿದ್ದರೆ ಪಿಸ್ಟನ್ ಮೇಲೆ ಒತ್ತಡ ಉಳಿದು ಮತ್ತೆ ಸ್ಟಾರ್ಟ್ ಆಗುವುದು ಕಷ್ಟ.

ಕರಾವಳಿ, ಮಲೆನಾಡಿನವರು ಇನ್ನೊಂದು ಗಮನಿಸಬೇಕು. ಮಳೆಗಾಲದ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ, ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ದಿನದ ಕೆಲಸ ಮುಗಿದ ಮೇಲೆ ಕೆಳಗಿನ ಡ್ರೈನ್ ವಾಲ್ವ್ ತೆರೆದು ನೀರು ಬಿಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದೇ ವಾಲ್ವ್ ಬಿಚ್ಚಿಸಿ ನೋಡಲಿ. ಕೆಂಪು ನೀರು, ತುಕ್ಕಿನ ಚೂರು ಬಂದರೆ, ಅಥವಾ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಕಂಡರೆ, ಎಷ್ಟೇ ಅಗ್ಗವಾದರೂ ತರಬೇಡಿ. 8 ಬಾರ್ ತುಂಬಿದ ಟ್ಯಾಂಕು ಬರೀ ಸೋರಿ ಸುಮ್ಮನಾಗುತ್ತದೆ ಎನ್ನುವಂತಿಲ್ಲ, ಸಿಡಿಯಬಹುದು.

ಎಫ್‌ಎಡಿ ಅಂಕಿಯನ್ನು ಬೆಲೆಯ ಚೀಟಿಯ ಪಕ್ಕದಲ್ಲೇ ಬರೆದಿಡುವಂತೆ ಅಂಗಡಿಯವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಒಬ್ಬ ಓದುಗ, ಶಿವಮೊಗ್ಗ