ಎಚ್‌ಡಿಆರ್ ಫೋಟೊಗಳನ್ನು ಜೆಪೆಗ್ ಮಾಡಿಕೊಡುವ ಕ್ರಮ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಿಮ್ಮ ಎಚ್‌ಡಿಆರ್ ಫೋಟೊಗಳನ್ನು (ತೀರಾ ಬೆಳಕು, ತೀರಾ ಕತ್ತಲು ಎರಡರ ವಿವರವನ್ನೂ ಹಿಡಿದಿಡುವಂಥವು) ಜೆಪೆಗ್ ಮಾಡುವ ಕೆಲಸವನ್ನು ನಾವು ಪೂರ್ತಿಯಾಗಿ ಸಾಫ್ಟ್‌ವೇರ್‌ಗೆ ಬಿಡುವುದಿಲ್ಲ. ಒಂದೊಂದು ಫೋಟೊವನ್ನೂ ನಮ್ಮಲ್ಲೊಬ್ಬರು ಕೂತು ನೋಡಿ ಬದಲಿಸುತ್ತಾರೆ. ಫೈಲ್ ನಿಮ್ಮ ಕೈ ಸೇರುವುದು ಒಂದು ದಿನ ತಡವಾಗಬಹುದು. ದರ ಮೊದಲಿನದೇ.

ಯಾಕೆ ಅಂದರೆ, ನಮಗೆ ಬರುವ ಫೋಟೊಗಳೇ ಈಗ ಬೇರೆ ಥರ. ಜೆಪೆಗ್ ಅನ್ನುವುದು ಫೋಟೊ ಫೈಲ್‌ಗಳಿಗೆ 1992ರಲ್ಲಿ ಬಂದ ಮಾನದಂಡ. ಎಲ್ಲೆಡೆ ತೆರೆದುಕೊಳ್ಳುವ ಆ ಮಾಮೂಲಿ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ 8 ಬಿಟ್, ಅಂದರೆ 256 ಮಟ್ಟ. ಎಚ್‌ಡಿಆರ್ ಫೈಲ್‌ಗಳಲ್ಲಿ ಸಾಮಾನ್ಯವಾಗಿ 10 ಬಿಟ್, 1024 ಮಟ್ಟ. ಬೆಳಕಿನ ಅಳತೆಯೂ ಬೇರೆ. ಪಿಕ್ಯೂ ಎಂಬ ಎಚ್‌ಡಿಆರ್ ಅಳತೆ 10,000 ನಿಟ್‌ವರೆಗೆ ಹೋಗುತ್ತದೆ (ನಿಟ್ ಅಂದರೆ ಸ್ಕ್ರೀನ್ ಹೊಳಪನ್ನು ಅಳೆಯುವ ಮಾನ). ಹಳೇ ಪದ್ಧತಿಯ ಲೆಕ್ಕ 100 ನಿಟ್ ಆಸುಪಾಸಿನದು. ಅಷ್ಟನ್ನು ಇಷ್ಟರಲ್ಲಿ ಹಿಡಿಸಬೇಕಾದರೆ ಏನನ್ನು ಬಿಡಬೇಕು ಅಂತ ಯಾರಾದರೂ ತೀರ್ಮಾನಿಸಲೇಬೇಕು, ಅಲ್ವಾ?

ಕಿಟಕಿ ಪಕ್ಕ ಅಜ್ಜಿ ಕೂತಿರುವ ಫೋಟೊ ಅಂದುಕೊಳ್ಳಿ. ಹೊರಗೆ ಬಿಸಿಲು, ಮೋಡ. ಮಿತಿ ಮೀರಿದ ಬೆಳಕನ್ನು ಕತ್ತರಿಸಿ ಹಾಕಿದರೆ ಅಜ್ಜಿಯ ಮುಖ ಚೆನ್ನಾಗಿ ಬರುತ್ತದೆ, ಕಿಟಕಿ ಮಾತ್ರ ಬರೀ ಬಿಳಿ ಚೌಕ. ಎಲ್ಲವನ್ನೂ ಒಂದೇ ಸಮ ಕುಗ್ಗಿಸಿದರೆ ಮೋಡ ಉಳಿಯುತ್ತದೆ, ಮುಖ ಬೂದಿ ಬಳಿದ ಹಾಗೆ ಮಂಕಾಗುತ್ತದೆ. ನಾವು ಮುಖದ ಬೆಳಕನ್ನು ಇದ್ದಲ್ಲೇ ಇಟ್ಟು, ಅದಕ್ಕಿಂತ ಮೇಲಿನದನ್ನು ಮಾತ್ರ ಮೆಲ್ಲಗೆ ಇಳಿಸುತ್ತಾ ಬರುತ್ತೇವೆ. ಇದಕ್ಕೆ ಟೋನ್ ಮ್ಯಾಪಿಂಗ್ ಅಂತಾರೆ. ಸಾಫ್ಟ್‌ವೇರ್‌ಗೂ ಇದು ಬರುತ್ತದೆ. ಆದರೆ ಆ ಕಿಟಕಿಯಾಚೆಯ ಮೋಡಕ್ಕೋಸ್ಕರವೇ ನೀವು ಫೋಟೊ ತೆಗೆದಿರಬಹುದು, ಅದು ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ಆರ್ಡರ್ ಜೊತೆ ಒಂದು ಸಾಲು ಬರೆದುಬಿಡಿ: ಈ ಫೋಟೊದಲ್ಲಿ ಯಾವುದು ಮುಖ್ಯ ಅಂತ.

ಸಂಜೆ ಆಕಾಶದ ಫೋಟೊಗಳದ್ದು ಇನ್ನೊಂದು ತಕರಾರು. 1024 ಮಟ್ಟ 256ಕ್ಕೆ ಇಳಿಯುವಾಗ ನಾಲ್ಕು ಮಟ್ಟ ಸೇರಿ ಒಂದಾದರೆ ನಯವಾಗಿದ್ದ ಆಕಾಶ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಅಂಥ ಕಡೆ 8 ಬಿಟ್‌ಗೆ ಇಳಿಸುವಾಗ ಕಣ್ಣಿಗೆ ಬೀಳದಷ್ಟು ಸಣ್ಣ ಚುಕ್ಕಿಗಳ ಕಾಳು ಬೆರೆಸುತ್ತೇವೆ, ಪಟ್ಟೆ ಕರಗುತ್ತದೆ. ಜೆಪೆಗ್‌ನ ಕ್ವಾಲಿಟಿಯನ್ನು ತೀರಾ ಇಳಿಸಿದರೆ ಈ ಕಾಳೂ ಅಳಿಸಿಹೋಗುತ್ತದೆ. ಅದಕ್ಕೇ ನಮ್ಮ ಫೈಲ್‌ಗಳ ಸೈಜ್ ಸ್ವಲ್ಪ ಜಾಸ್ತಿ ಇರುತ್ತದೆ. ಬಣ್ಣವನ್ನು ಎಸ್‌ಆರ್‌ಜಿಬಿ ಎಂಬ ಮಾಮೂಲಿ ಸ್ಕ್ರೀನ್‌ಗಳ ಬಣ್ಣದ ಪದ್ಧತಿಗೆ ತಂದು, ಅದನ್ನು ತಿಳಿಸುವ ಪ್ರೊಫೈಲ್ ಸೇರಿಸಿಯೇ ಕೊಡುತ್ತೇವೆ.

ಕೆಲವು ಹೊಸ ಫೋನ್‌ಗಳ ಫೋಟೊಗೆ ಇಷ್ಟೆಲ್ಲ ಬೇಕಿಲ್ಲ. 2023ರ ಆಂಡ್ರಾಯ್ಡ್ 14ರ ಜೊತೆ ಬಂದ ಅಲ್ಟ್ರಾ ಎಚ್‌ಡಿಆರ್ ಫೈಲ್ ಮೇಲ್ನೋಟಕ್ಕೆ ಮಾಮೂಲಿ ಜೆಪೆಗ್ಗೇ. ಎಲ್ಲೆಲ್ಲಿ ಬೆಳಕು ಎಷ್ಟು ಏರಿಸಬೇಕು ಅನ್ನುವ ನಕ್ಷೆ, ಗೇನ್ ಮ್ಯಾಪ್, ಅದರೊಳಗೇ ಇರುತ್ತದೆ. ಹಳೇ ಸ್ಕ್ರೀನ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಇಂಥ ಫೈಲ್‌ನಲ್ಲಿರುವ ಜೆಪೆಗ್ ಚೆನ್ನಾಗಿದ್ದರೆ ನಾವು ಕೈ ಹಾಕುವುದಿಲ್ಲ. ಇನ್ನು ಹಳೇ ಫೋನ್‌ಗಳ 'ಎಚ್‌ಡಿಆರ್ ಮೋಡ್' ಹೆಸರಿಗೆ ಮಾತ್ರ ಎಚ್‌ಡಿಆರ್. ಮೂರ್ನಾಲ್ಕು ಶಾಟ್ ಬೆರೆಸಿ ಕೊನೆಗೆ ಕೊಡುವುದು 8 ಬಿಟ್ ಜೆಪೆಗ್ಗನ್ನೇ. ಅವುಗಳಿಗೆ ಈ ಪತ್ರ ಅನ್ವಯಿಸುವುದಿಲ್ಲ.

ಪ್ರಿಂಟ್ ಕೇಳುವವರಿಗೆ ಒಂದು ಮಾತು. ಫೋನ್‌ನಲ್ಲಿ ದೀಪದ ಜ್ವಾಲೆ ಝಗ್ ಅನ್ನುವಂತೆ ಪೇಪರ್ ಮೇಲೆ ಅನ್ನುವುದಿಲ್ಲ. ಪೇಪರ್‌ಗೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನಷ್ಟೇ ಅದು ವಾಪಸ್ ಕೊಡುತ್ತದೆ. ಎಷ್ಟೇ ಜಾಣತನದಿಂದ ಬದಲಿಸಿದರೂ ಇದನ್ನು ದಾಟಲು ಆಗುವುದಿಲ್ಲ.

ಫೋಟೊಗಳನ್ನು ಮೆಸೇಜ್ ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಫೈಲ್ ಕುಗ್ಗಿ, ಎಚ್‌ಡಿಆರ್ ಮಾಹಿತಿ ದಾರಿಯಲ್ಲೇ ಹೋಗಿಬಿಡಬಹುದು. ಜೆಪೆಗ್ ಕೈಗೆ ಬಂತು ಅಂತ ಮೂಲ ಫೈಲನ್ನು ದಯವಿಟ್ಟು ಅಳಿಸಬೇಡಿ. ಕತ್ತರಿಸಿದ ಬೆಳಕು ಜೆಪೆಗ್‌ನಿಂದ ಮತ್ತೆ ಸಿಗುವುದಿಲ್ಲ. ನೂರಾರು ಫೋಟೊ ಬೇಗ ಬೇಕು, ಮೊದಲಿನ ಹಾಗೆ ಸಾಫ್ಟ್‌ವೇರೇ ಮಾಡಲಿ ಅನ್ನುವವರು ಆರ್ಡರ್‌ನಲ್ಲಿ 'ಹಳೇ ಕ್ರಮ' ಅಂತ ಬರೆದರೆ ಸಾಕು, ಹಾಗೇ ಮಾಡಿಕೊಡುತ್ತೇವೆ.

ಇಂತಿ,
ನಿಮ್ಮ ಫೋಟೊ ಸಹಕಾರಿ ಬಳಗ