ಮಾದಪ್ಪನ ದಾರಿಯಲ್ಲಿ ಲೋಟ ತೊಳೆಯಲು ಒಂದು ದೇಣಿಗೆ ಮನವಿ

ಭಕ್ತ ಬಾಂಧವರೇ,

ಮಹಾಶಿವರಾತ್ರಿ ಹತ್ತಿರವಾಗುತ್ತಿದೆ. ಕನಕಪುರ, ರಾಮನಗರ, ಮಂಡ್ಯ, ಬೆಂಗಳೂರಿನ ಕಡೆಯ ಜನ ಹೆಗಲಿಗೊಂದು ಚೀಲ ಹಾಕಿಕೊಂಡು ನಮ್ಮ ಮಾದಪ್ಪನ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೊರಡುವ ಕಾಲ. ನಮ್ಮ ಕಡೆಯವರು ಅರ್ಕಾವತಿ ಬಂದು ಸೇರುವ ಸಂಗಮದಲ್ಲಿ ಕಾವೇರಿಗೆ ಇಳಿದು, ಒಬ್ಬರ ಕೈ ಒಬ್ಬರು ಹಿಡಿದು ಹೊಳೆ ದಾಟುತ್ತಾರೆ. ಆಮೇಲೆ ಕಾಡು. ಶಾಗ್ಯ, ಹನೂರು, ಕೌದಳ್ಳಿ ಹಾದು ತಾಳಬೆಟ್ಟಕ್ಕೆ ಬರುವಷ್ಟರಲ್ಲಿ ಅರ್ಧ ಜನ ಕುಂಟುತ್ತಿರುತ್ತಾರೆ. ನಿಜವಾದ ಏರುದಾರಿ ಶುರುವಾಗುವುದೇ ಅಲ್ಲಿಂದ.

ತಾಳಬೆಟ್ಟಕ್ಕೆ ಸ್ವಲ್ಪ ಮೊದಲು, ರಸ್ತೆ ಬದಿಯಲ್ಲಿ ನಮ್ಮ ಬಳಗ ಪ್ರತಿ ಶಿವರಾತ್ರಿಗೆ ಚಪ್ಪರ ಹಾಕುತ್ತದೆ. ಮಜ್ಜಿಗೆ, ಪಾನಕ, ರಾತ್ರಿಗೆ ಅನ್ನ ಸಾರು. ಪಕ್ಕದಲ್ಲಿ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಗಳು. ಊಟಕ್ಕಿಂತ ಹೆಚ್ಚು ಜನ ಸಾಲು ನಿಲ್ಲುವುದು ಆ ಬೋಗುಣಿಗಳ ಮುಂದೆ ಎಂದರೆ ನೀವು ನಂಬಬೇಕು. ಹರಕೆ ಹೊತ್ತು ಬರಿಗಾಲಲ್ಲಿ ಬಂದವರ ಅಂಗಾಲಿನ ಬೊಬ್ಬೆ ಒಡೆದು ಚರ್ಮ ಸುಲಿದಿರುತ್ತದೆ. ಶ್ರವಣಾಸುರನನ್ನು ಸಂಹರಿಸುವುದಕ್ಕೆ ಮಾದಪ್ಪನೇ ಚಮ್ಮಾರ ಹರಳಯ್ಯನಿಂದ ಪಾದರಕ್ಷೆ ಮಾಡಿಸಿಕೊಂಡ ಕಥೆಯನ್ನು ಕಂಸಾಳೆ ತಾಳ ಹಿಡಿದ ಹಾಡುಗಾರರು ಹಾಡುತ್ತಾರೆ. ಅವನ ಒಕ್ಕಲಾದ ಭಕ್ತರು ಮಾತ್ರ ಕಾದ ಡಾಂಬರಿನ ಮೇಲೆ ಬರಿಗಾಲಲ್ಲೇ ಬರುತ್ತಾರೆ. ಬೇಡವೆನ್ನಲು ನಾವು ಯಾರು? ಕಾಲು ತೊಳೆದು, ಮುಲಾಮು ಹಚ್ಚಿ, ಬಟ್ಟೆ ಕಟ್ಟಿ ಕಳಿಸುತ್ತೇವೆ.

ಈಗ ವಿಷಯಕ್ಕೆ ಬರುತ್ತೇವೆ. ಅನ್ನದಾನಕ್ಕೆ ಕೊಡುವವರಿಗೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ. ಅಕ್ಕಿ ಮೂಟೆ, ಬೇಳೆ, ಬೆಲ್ಲ ಕೇಳುವ ಮೊದಲೇ ಬಂದು ಬೀಳುತ್ತವೆ. ಕೊರತೆ ಇರುವುದು ಉಂಡ ಮೇಲಿನ ಕೆಲಸಕ್ಕೆ. ಕಳೆದ ಶಿವರಾತ್ರಿಯ ಮಾರನೆಯ ದಿನ ಚಪ್ಪರ ಬಿಚ್ಚುವಾಗ ನಮಗೇ ನಾಚಿಕೆಯಾಯಿತು. ಪೇಪರ್ ಲೋಟ, ಥರ್ಮಾಕೋಲ್ ತಟ್ಟೆ, ನೀರಿನ ಬಾಟಲಿ ಗಾಳಿಗೆ ಹಾರಿ ಕಾಡಿನ ಒಳಗೆ ಹೋಗಿದ್ದವು. ಸಾರಿನ ಉಪ್ಪಿನ ವಾಸನೆಗೆ ಜಿಂಕೆಗಳು ಆ ತಟ್ಟೆಯನ್ನೇ ಮೆಲ್ಲುತ್ತಿದ್ದವು. ಇದು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಾಡು, ಆನೆ ಓಡಾಡುವ ಜಾಗ. ಕಾನೂನಿನ ಮಾತು ಹಾಗಿರಲಿ, ಹುಲಿಯನ್ನೇ ವಾಹನ ಮಾಡಿಕೊಂಡ ದೇವರು ಅವನು. ಅವನ ಹುಲಿಯ ಮನೆಯಂಗಳಕ್ಕೆ ಎಂಜಲು ತಟ್ಟೆ ಎಸೆದು, ಮೇಲೆ ಹೋಗಿ ‘ಉಘೇ’ ಎಂದು ಜಯಕಾರ ಹಾಕಿದರೆ ಅವನಿಗೆ ಹೇಗಿದ್ದೀತು?

ಆದ್ದರಿಂದ ಈ ಬಾರಿ ಒಂದು ತೀರ್ಮಾನ ಮಾಡಿದ್ದೇವೆ. ಬಿಸಾಡುವ ಲೋಟ, ತಟ್ಟೆ ನಮ್ಮ ಚಪ್ಪರದಲ್ಲಿ ಇರುವುದಿಲ್ಲ. ಮಜ್ಜಿಗೆಗೆ ಸ್ಟೀಲ್ ಲೋಟ, ಊಟಕ್ಕೆ ಮುತ್ತುಗದ ಎಲೆ. ಇದಕ್ಕೆ 500 ಲೋಟ ಬೇಕು, ತೊಳೆಯಲು ನೀರಿನ ಟ್ಯಾಂಕರ್ ಬೇಕು, ಕಸವನ್ನು ಹನೂರಿನ ಕಡೆಗೆ ಸಾಗಿಸಲು ಮೂರು ದಿನ ಒಂದು ಟ್ರ್ಯಾಕ್ಟರ್ ಬೇಕು. ಹತ್ತಿ, ಬ್ಯಾಂಡೇಜ್, ಮುಲಾಮು, ಟಾರ್ಚ್ ಕೂಡ.

ಒಂದು ಲೋಟದ ಬೆಲೆ ಕೊಟ್ಟರೂ ಸರಿ, ಮನೆಯಲ್ಲಿ ಮದುವೆಗೆ ಉಡುಗೊರೆ ಬಂದು ಅಟ್ಟದ ಮೇಲೆ ಕುಳಿತಿರುವ ಲೋಟಗಳನ್ನೇ ಕೊಟ್ಟರೂ ಸರಿ. ಹೆಸರು ಕೆತ್ತಿಸಿ ಕೊಡುವವರು ಕೆತ್ತಿಸಬಹುದು. ತೊಳೆಯುವವರ ಕಣ್ಣಿಗಂತೂ ನಿಮ್ಮ ಹೆಸರು ದಿನಕ್ಕೆ ನೂರು ಸಲ ಬೀಳುತ್ತದೆ. ಅಕ್ಕಿ ಕೊಡುವ ಮನಸ್ಸಿದ್ದವರು ದಯವಿಟ್ಟು ಈ ವರ್ಷ ಆ ಹಣವನ್ನು ಟ್ಯಾಂಕರ್ ಬಾಡಿಗೆಗೆ ಕೊಡಿ. ಟ್ಯಾಂಕರಿಗೆ ಪುಣ್ಯ ಕಡಿಮೆ ಎಂದು ಯಾವ ಶಾಸ್ತ್ರದಲ್ಲೂ ನಾವು ಕೇಳಿಲ್ಲ.

ಹಣಕ್ಕಿಂತ ಕೈ ಕೊಡುವವರು ಇನ್ನೂ ಮುಖ್ಯ. ರಾತ್ರಿ ಪಾಳಿಗೆ ಲೋಟ ತೊಳೆಯಲು, ಕಾಲಿಗೆ ಮುಲಾಮು ಹಚ್ಚಲು, ಬೆಳಗಿನ ಜಾವ ಕಸ ಆಯಲು ಜನ ಸಾಲದು. ನರ್ಸಿಂಗ್ ಓದುತ್ತಿರುವ ಮಕ್ಕಳು ಬಂದರೆ ಬಹಳ ಉಪಕಾರ. ಉಳಿಯಲು ಚಪ್ಪರದಲ್ಲೇ ಜಾಗ, ಊಟ ಯಾತ್ರಿಗಳ ಜೊತೆಯಲ್ಲಿ.

ನಮ್ಮದು ಊರಿನವರ ಸಣ್ಣ ಬಳಗ. ಆದಾಯ ತೆರಿಗೆ ವಿನಾಯಿತಿಯ ಪತ್ರ ನಮ್ಮಲ್ಲಿಲ್ಲ, ಮೊದಲೇ ಹೇಳಿಬಿಡುತ್ತೇವೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇದೆ, ಕೇಳಿ ಪಡೆಯಿರಿ. ಜಾತ್ರೆಯ ರಥೋತ್ಸವ ಮುಗಿಸಿ ಇಳಿದು ಬಂದ ವಾರದೊಳಗೆ ಲೆಕ್ಕದ ಹಾಳೆಯನ್ನು ಊರಿನ ಅರಳಿಕಟ್ಟೆಯಲ್ಲಿ ಅಂಟಿಸುತ್ತೇವೆ. ಲೋಟ ಕೊಡುವವರು ಹಬ್ಬಕ್ಕೆ ಎಂಟು ದಿನ ಮೊದಲು ತಲುಪಿಸಿದರೆ ಎಣಿಸಿ ಕಟ್ಟಿಡಲು ನಮಗೆ ಅನುಕೂಲ.

ಉಘೇ ಮಾದಪ್ಪ!